ನಾಲ್ಕು ಬೆರಳು ಮುಂದೆ

ಬೆಳಿಗ್ಗೆ ಸಾರಿಗೆಂದು ಹುರುಳಿ ಬೇಯಲು ಇಟ್ಟಿದ್ದೆ. ಕುಕ್ಕರಿನ ಎರಡನೆಯ ಸೀಟಿಗೆ ಆ ವಾಸನೆ ಮನೆಯೆಲ್ಲ ಹರಡಿತು ನೋಡಿ, ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹುರುಳಿ ಎಂದರೆ ನನಗೆ ಊಟದ ನೆನಪಲ್ಲ, ಕುದುರೆಯ ನೆನಪು. ಕುದುರೆಗಿಂತ ಹೆಚ್ಚಾಗಿ ಅದರ ಸಾಹೇಬರ ನೆನಪು...

ಶಿರಸಿಯ ಶಾಲೆಗೆ ಟೀಚರಾಗಿ ಹೊಸದಾಗಿ ಸೇರಿದಾಗ ಅವರ ಮನೆಯ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದೆ. ಅಂಗಳ ಎರಡಕ್ಕೂ ಒಂದೇ. ಮದುವೆ ಮೆರವಣಿಗೆಗೆ ಕುದುರೆ ಕೊಡುವುದು ಅವರ ಮನೆಯ ಕಸುಬು. ದೊಡ್ಮನೆ ಎಂಬ ಹಳ್ಳಿಯ ಕಡೆಯಿಂದ ಬಂದ ನನಗೋ, ಬೆಳಗಾದರೆ ಅಂಗಳ ಗುಡಿಸದೆ ಸಮಾಧಾನವಿಲ್ಲ. ಬಂದ ಮೂರನೆಯ ದಿನ ಆ ಕೆಮ್ಮಣ್ಣಿನ ಅಂಗಳವನ್ನು ಮೂಲೆ ಬಿಡದೆ ಗುಡಿಸಿ, ಶಹಭಾಸ್ ಬರಬಹುದೆಂದು ನಿಂತಿದ್ದೆ. ಸಾಹೇಬರು ತಲೆಯ ಮೇಲೆ ಕೈಹೊತ್ತು ಕೂತರು.

“ಅಕ್ಕೋರೆ, ಹೆಜ್ಜೆ ಎಲ್ಲ ಅಳಿಸಿ ಹಾಕಿದ್ರಲ್ರಿ! ಇವತ್ತಿನ ಪಾಠನೇ ಹೋಯ್ತು.”

ಪಾಠ ಏನೆಂದು ಆಮೇಲೆ ತಿಳಿಯಿತು. ಅಂಗಳವನ್ನು ಅವರೇ ಗುಡಿಸಿ, ಕುದುರೆಯನ್ನು ಒಂದು ಸುತ್ತು ನಡೆಸಿ, ಕುಕ್ಕರಗಾಲಿನಲ್ಲಿ ಕೂತು ಗೊರಸಿನ ಗುರುತು ಓದುತ್ತಿದ್ದರು. ಮುಂಗಾಲಿನದು ದುಂಡಗೆ, ಹಿಂಗಾಲಿನದು ತುಸು ಚೂಪು. ಮುಂಗಾಲಿನ ಗುರುತನ್ನು ದಾಟಿ ಹಿಂಗಾಲು ನಾಲ್ಕು ಬೆರಳು ಮುಂದೆ ಬಿದ್ದರೆ ಕುದುರೆ ಸೊಂಟದ ಬಲದಿಂದ ನಡೆಯುತ್ತಿದೆ ಎಂದರ್ಥ. ಆ ಕಂದು ಹೆಣ್ಣುಕುದುರೆಯದು ಎರಡು ಬೆರಳು ಹಿಂದೆಯೇ ಉಳಿಯುತ್ತಿತ್ತು. ಮೊದಲಿನ ಮಾಲೀಕ ಚೆಂದ ಕಾಣಲೆಂದು ತಲೆಯನ್ನು ಎದೆಗೆ ಬಿಗಿದು ಕಟ್ಟಿ ಕುಣಿಸುತ್ತಿದ್ದನಂತೆ. ಭಾರವೆಲ್ಲ ಮುಂಗಾಲಿಗೆ ಬಿದ್ದು, ಇಳಿಜಾರು ಬಂದರೆ ಮುಗ್ಗರಿಸುತ್ತಿತ್ತು. ಮೊಣಕಾಲಿನಲ್ಲಿ ಹಳೆಯ ಗಾಯದ ಕಲೆಗಳಿದ್ದವು.

“ಲಾರಿ ಇಂಜಿನ್ನು ಮುಂದಿರ್ತದೆ ಅಕ್ಕೋರೆ, ಕುದುರೇದು ಹಿಂದಿರ್ತದೆ. ಅದನ್ನ ಎಬ್ಬಿಸ್ಬೇಕು.”

ಎಬ್ಬಿಸಲು ಏಟು ಹಾಕುತ್ತಿರಲಿಲ್ಲ. ಲಗಾಮು ಸಡಿಲ ಬಿಟ್ಟು, ನೆಲದ ಮೇಲೆ ಸಾಲಾಗಿ ಹಾಕಿದ, ಅಡಿಕೆ ಮರ ಸೀಳಿದ ದಬ್ಬೆಗಳನ್ನು ಒಂದೊಂದಾಗಿ ದಾಟಿಸುತ್ತಿದ್ದರು. ಮನೆಯ ಹಿಂದಿನ ಏರಿನಲ್ಲಿ ನಡೆಸಿ, ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿ, ಮತ್ತೆ ಮುಂದೆ. ಮಕ್ಕಳಿಗೆ ಮಗ್ಗಿ ಕಲಿಸಲು ಗಂಟಲು ಹರಿದುಕೊಳ್ಳುತ್ತಿದ್ದ ನನಗೆ ಅವರ ತಾಳ್ಮೆ ಕಂಡು ಹೊಟ್ಟೆಕಿಚ್ಚಾಗುತ್ತಿತ್ತು. ಪಾಠ ಮುಗಿದ ಮೇಲೆ ಬೇಯಿಸಿದ ಹುರುಳಿ. ಕಾಳು ಕುದುರೆಗೆ, ಬಸಿದ ಕಟ್ಟು ನನ್ನ ಸಾರಿಗೆ! ನಮ್ಮ ಮನೆಯಲ್ಲಿ ಗೊತ್ತಾಗಿದ್ದರೆ ದೊಡ್ಡ ರಗಳೆಯಾಗುತ್ತಿತ್ತು. ಅಂಥ ರುಚಿಯ ಸಾರನ್ನು ನಾನು ಮತ್ತೆ ಉಂಡಿಲ್ಲ.

ಮದುವೆಗಳಿಗೆ ಕುದುರೆ ಗೊತ್ತುಮಾಡುತ್ತಿದ್ದವನು ಅವರ ಅಣ್ಣನ ಮಗ. ಯಲ್ಲಾಪುರದ ಒಂದು ಮೆರವಣಿಗೆಗೆ ಒಪ್ಪಿಕೊಂಡು, ಅಷ್ಟರೊಳಗೆ ಈ ಕುದುರೆ ತಯಾರಾಗದಿದ್ದರೆ ಮಾರಿಬಿಡುತ್ತೇನೆಂದು ಹಟ ಹಿಡಿದ. ಅದೇ ವಾರ ಸಾಹೇಬರು ಕಾಲು ಉಳುಕಿಸಿಕೊಂಡು ಮಂಚ ಹಿಡಿದರು. ಅವನು ಕುದುರೆ ನಡೆಸಿದ. ಗುರುತು ನೋಡುವ ಕೆಲಸ ನನಗೆ ಬಂತು. ನೋಡಿದರೆ ಇನ್ನೂ ಒಂದು ಬೆರಳು ಹಿಂದೆ. ಕುದುರೆ ಕತ್ತು ಚಾಚಿ ನನ್ನ ಸೆರಗು ಮೂಸುತ್ತಿತ್ತು. ಇದನ್ನು ಮಾರುತ್ತಾರಲ್ಲ ಅನ್ನಿಸಿತು. ಒಳಗೆ ಹೋಗಿ, “ನಾಲ್ಕು ಬೆರಳು ಮುಂದೆ ಬಿದ್ದಿದೆ ಸಾಹೇಬ್ರೆ” ಅಂದೆ.

ಅವರು ನಕ್ಕರು. “ಉಳುಕಿದ್ದು ಕಾಲು, ಕಿವಿ ಅಲ್ರಿ. ಗೊರಸು ನೆಲಕ್ಕೆ ಉಜ್ಜಿದ್ದು ಇಲ್ಲಿಗೇ ಕೇಳಿಸ್ತು. ಪಾಪ ಅಂತ ಮಾರ್ಕು ಕೊಡ್ಬ್ಯಾಡ್ರಿ. ಇಳಿಜಾರಲ್ಲಿ ಬಿದ್ರೆ ಮೇಲೆ ಕೂತ ಮದುಮಗನ ಗತಿ ಏನು, ಅದರ ಗತಿ ಏನು?”

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಯಲ್ಲಾಪುರಕ್ಕೆ ಬೇರೆ ಕುದುರೆ ಹೋಯಿತು. ಅಣ್ಣನ ಮಗನನ್ನು ಕೂರಿಸಿಕೊಂಡು ಅದೇನು ಹೇಳಿದರೋ, ಒಂದು ತಿಂಗಳ ವಾಯಿದೆ ಸಿಕ್ಕಿತು. ಆ ತಿಂಗಳ ಕೊನೆಗೆ ಹಿಂಗಾಲಿನ ಗುರುತು ನಾಲ್ಕು ಬೆರಳು ಮುಂದೆ ಬಿತ್ತು. ನಾನೇ ಮೂರು ಸಲ ಬೆರಳಿಟ್ಟು ಅಳೆದೆ. ಮುಂದೆ ಎಷ್ಟೋ ಮದುವೆಗಳಿಗೆ ಹೋಗಿಬಂದ ಕುದುರೆ ಒಮ್ಮೆಯೂ ಮುಗ್ಗರಿಸಲಿಲ್ಲ.

ವರ್ಷಗಳ ಮೇಲೆ ಸಾಹೇಬರು ಏಳಲಾರದಂತಾದರು. ಕಿವಿಯೂ ಮಂದವಾಗಿತ್ತು. ಒಂದು ಬೆಳಿಗ್ಗೆ ಕರೆಸಿ, “ಇವತ್ತು ಎಷ್ಟು ಬೆರಳು ಅಕ್ಕೋರೆ?” ಎಂದರು. ಸುಳ್ಳು ಹೇಳಿದ್ದರೆ ಈ ಸಲ ಅವರಿಗೆ ತಿಳಿಯುತ್ತಿರಲಿಲ್ಲ...

“ಎರಡು ಬೆರಳು ಹಿಂದೆ ಸಾಹೇಬ್ರೆ. ಅದಕ್ಕೂ ವಯಸ್ಸಾಯ್ತು” ಎಂದು ಜೋರಾಗಿ ಹೇಳಿದೆ.

ಅವರು ಅಣ್ಣನ ಮಗನ ಕಡೆ ತಿರುಗಿದರು. “ಅಕ್ಕೋರು ಹೇಳಿದ್ರಲ್ಲ? ಇನ್ನು ಅದರ ಮೇಲೆ ಯಾರನ್ನೂ ಕೂರಿಸ್ಬ್ಯಾಡ. ಮಾರಲೂ ಬ್ಯಾಡ.”

ಅವನು ಆ ಮಾತು ನಡೆಸಿಕೊಟ್ಟ. ಈಗ ಸಾಹೇಬರಿಲ್ಲ, ಕುದುರೆಯೂ ಇಲ್ಲ. ಹೋದ ತಿಂಗಳು ಆ ಬೀದಿಯಲ್ಲಿ ಹಾದುಬಂದೆ. ಅಂಗಳಕ್ಕೆ ಸಿಮೆಂಟು ಹಾಕಿದ್ದಾರೆ. ಬಹಳ ಚೊಕ್ಕವಾಗಿದೆ, ಯಾರು ನಡೆದರೂ ಗುರುತು ಬೀಳುವುದಿಲ್ಲ. ಗೇಟು ಹಿಡಿದು ನಿಂತು ಅತ್ತುಬಿಟ್ಟೆ.

ಹುರುಳಿ ಬೆಂದಿದೆ. ಕಟ್ಟು ಬಸಿದು ಸಾರಿಗೆ ಇಟ್ಟೆ. ಕಾಳನ್ನು ಮಾತ್ರ ಯಾರಿಗೆ ಹಾಕುವುದೆಂದು ತಿಳಿಯದೆ ಹಾಗೇ ಮುಚ್ಚಿಟ್ಟಿದ್ದೇನೆ.