ಹಿಂದಿನ ಚಕ್ರದ ಟೈರು

ಟೈರು ಇಷ್ಟು ಗಟ್ಟಿ ಜೀವವೆಂದು ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಅದರ ಮೇಲೆ ಕೂತು ಬೇರಿಕೆ ಸಂತೆಗೂ ಕೃಷ್ಣಗಿರಿಯ ನೆಂಟರ ಮನೆಗೂ ಹೋಗಿಬಂದಿದ್ದೇನೆ, ಒಂದು ದಿನವೂ ಅದರ ಮುಖ ನೋಡಿದವಳಲ್ಲ. ಹಿಂದಿನ ಸೀಟಿನವರಿಗೆ ಕಾಣುವುದು ಗಂಡನ ಬೆನ್ನು ಮಾತ್ರ.

ನಮ್ಮ ಯಜಮಾನರು ಗಡಿಯೂರು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಮೋಟಾರ್ ಸೈಕಲ್ಲಿಗೆ ಬೇರೆಯವರ ಕೈ ತಾಗುವಂತಿರಲಿಲ್ಲ. ನಾವಿರುವ ಜೂಜುವಾಡಿಯ ಉದ್ದಕ್ಕೂ ಪಂಕ್ಚರ್ ಅಂಗಡಿಗಳಿದ್ದರೂ ಟೈರು ಬಿಚ್ಚುವುದು, ಹಾಕುವುದು ಎಲ್ಲ ಮನೆಯಂಗಳದಲ್ಲೇ. ನಾನು ಕಾಫಿ ತಂದುಕೊಟ್ಟು, ಅಂಗಳವೆಲ್ಲ ಮಸಿ ಎಂದು ಗೊಣಗಿ ಒಳಗೆ ಹೋಗುತ್ತಿದ್ದೆ. ಆಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸೋತವು. ಮಾತೂ ಹೋಯಿತು.

ಹೋದ ಮಾತು ಮರಳಿದ್ದೂ ವಿಚಿತ್ರವಾಗಿ. ಮನೆಯಲ್ಲಿ ಆಡುತ್ತಿದ್ದ ಕನ್ನಡ ಬರಲಿಲ್ಲ. ಕಾರ್ಖಾನೆಯಲ್ಲಿ ಆಡುತ್ತಿದ್ದ ತಮಿಳು ಬಂತು, ಅದೂ ಒಂದೊಂದೇ ಪದ. ನಾನು ಇಲ್ಲಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ಊರ ಮಕ್ಕಳ ಕನ್ನಡ ತಿದ್ದುವವಳ ಗಂಡ ನೀರು ಬೇಕಾದರೆ ‘ತಣ್ಣಿ’ ಎನ್ನುತ್ತಾರೆ. ಹಾಗಾಗುವುದುಂಟು, ಕಾಯಿರಿ ಎಂದರು ಡಾಕ್ಟರು. ಕಾದೆ. ನಮ್ಮಿಬ್ಬರ ಜಗಳ, ಹುಸಿಮುನಿಸು, ಗುಟ್ಟು ಎಲ್ಲ ಇದ್ದದ್ದು ಆ ಕನ್ನಡದಲ್ಲಿ. ಅದು ಮಾತ್ರ ಬರಲೇ ಇಲ್ಲ.

ಶೀಟಿನ ಚಪ್ಪರದ ಕೆಳಗೆ ನಿಂತು ನಿಂತು ಗಾಡಿಯ ಹಿಂದಿನ ಟೈರು ಬಿರುಕು ಬಿಟ್ಟಿತು. ಅದನ್ನು ಕಂಡ ದಿನದಿಂದ ಅವರು ಎಡಗೈಯಲ್ಲಿ ಅದನ್ನೇ ತೋರಿಸುತ್ತ ‘ಪುದುಸು, ಪುದುಸು’ ಎನ್ನತೊಡಗಿದರು. ಹೊಸದು ಹಾಕಬೇಕಂತೆ. ಓಡಿಸುವವರು ಯಾರು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಟೈರು ತಂದೆ. ಮೆಕ್ಯಾನಿಕ್ಕನ್ನು ಕರೆಯುತ್ತೇನೆಂದರೆ ಮುಖ ತಿರುಗಿಸಿದರು. ಉಳಿದವಳು ನಾನೇ.

ಭಾನುವಾರ ಬೆಳಿಗ್ಗೆ ಅವರನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕಿಳಿದೆ. ಅವರು ಬೆರಳು ತೋರಿಸಿದಲ್ಲೆಲ್ಲ ಸ್ಪ್ಯಾನರ್ ಹಾಕಿ ಚಕ್ರ ಕಳಚಿದ್ದಾಯಿತು, ಗಾಳಿ ಬಿಟ್ಟದ್ದಾಯಿತು. ಆದರೆ ರಿಮ್ಮನ್ನು ಕಚ್ಚಿ ಹಿಡಿದ ಟೈರು ಬಿಡಲೊಲ್ಲದು. ತರಗತಿಯಲ್ಲಿ ಎಂಥ ಸಂಧಿಯನ್ನೂ ಬಿಡಿಸುವವಳು ನಾನು. ಒಂದು ಅಕ್ಷರ ಹೋಗಿ ಅದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ, ಬರೀ ಹೋದರೆ ಲೋಪ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಲೋಪವಾದ ಅಕ್ಷರಕ್ಕಾಗಿ ವ್ಯಾಕರಣದಲ್ಲಿ ಯಾರೂ ಅತ್ತದ್ದಿಲ್ಲ. ಅದೊಂದು ಸುಖವಾದ ಶಾಸ್ತ್ರ.

ಕೊನೆಗೆ ಟೈರಿನ ಮೇಲೆ ಎರಡೂ ಕಾಲಿಟ್ಟು ನಿಂತೆ. ನನ್ನ ಮೈತೂಕ ಜನ್ಮದಲ್ಲಿ ಮೊದಲ ಸಲ ಕೆಲಸಕ್ಕೆ ಬಂತು; ಟೈರು ಕುಸಿಯಿತು. ಅವರ ಮುಖದ ಒಂದು ಪಕ್ಕ ನಕ್ಕಿತು.

ಹಳೆಯದು ಕಳಚಿ, ಟ್ಯೂಬ್ ಕೂರಿಸಿ, ಸೋಪುನೀರು ಸವರಿ ಹೊಸದನ್ನು ಏರಿಸಿದೆ. ಕಡೆಯ ಗೇಣುದ್ದ ಒಳಗೆ ಹೋಗಲಿಲ್ಲ. ಲಿವರ್ ತೂರಿಸಿ ಮೀಟಿದೆ. ಅವರು ಎಡಗೈ ಎತ್ತಿದರು. ಏನೋ ಹೇಳಬೇಕೆಂದು ಬಾಯಿ ತೆರೆದರು; ತಮಿಳೂ ಬರಲಿಲ್ಲ. ನಾನು ನಿಲ್ಲಿಸದೆ ಇನ್ನಷ್ಟು ಬಲ ಹಾಕಿದೆ. ಟೈರು ಕೂತಿತು. ಪಂಪು ಹೊಡೆದರೆ ಗಾಳಿ ಒಳಗೆ ಹೋದ ಹಾಗೇ ಬುಸ್ಸೆಂದು ಆಚೆ ಬಂತು. ಮತ್ತೆ ಬಿಚ್ಚಿ ನೋಡಿದರೆ ಲಿವರಿಗೆ ಸಿಕ್ಕಿ ಟ್ಯೂಬು ವಾಲ್ವಿನ ಬುಡದಲ್ಲೇ ಹರಿದಿತ್ತು. ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ.

ನೆಲದ ಮೇಲೆ ಕೂತು ಅತ್ತೆ. ಟ್ಯೂಬಿಗಾಗಿ ಅಲ್ಲ. ತಡೆಯುವ ಮಾತು ಸಿಗದೆ ಆ ಕೈ ಗಾಳಿಯಲ್ಲೇ ನಿಂತಿತ್ತಲ್ಲ, ಅದಕ್ಕೆ. ಅಳುವಿನಲ್ಲೇ, ಇಷ್ಟು ದಿನ ನುಂಗಿಕೊಂಡದ್ದು ಬಾಯಿಂದ ಜಾರಿತು.

“ಯಾರಿಗ್ರೀ ಈ ಟೈರು? ಇನ್ನು ಓಡ್ಸೋರು ಯಾರು?”

ಅವರ ತುಟಿ ತುಂಬಾ ಹೊತ್ತು ತಡಕಾಡಿತು. ಆಮೇಲೆ ನಿಧಾನವಾಗಿ ಅಂದರು: “ಮಾರ್ಬುಡಣ ಕಣಮ್ಮಿ. ಹಳೇ ಟೈರಲ್ಲಿ ಕೊಟ್ರೆ ತಕಂಡೋನು ಬಿದ್ಬುಡ್ತಾನೆ.”

ಅವರ ಬಾಯಲ್ಲಿ ಕನ್ನಡ ಬರಲೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ಬಂದ ಮೊದಲ ಮಾತು ಇದು. ತಿದ್ದೋಣವೆಂದರೆ ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಈಗ ದಿನಾ ಬೆಳಿಗ್ಗೆ ಕನ್ನಡದಲ್ಲೇ, ಟ್ಯೂಬ್ ತಂದೆಯಾ ಎಂದು ಕೇಳುತ್ತಾರೆ. ಆ ಅಳತೆಯದು ಅಂಗಡಿಯಲ್ಲಿ ಇಲ್ಲವಂತೆ ಎನ್ನುತ್ತೇನೆ. ಹಿಂದಿನ ಚಕ್ರವಿಲ್ಲದ ಗಾಡಿಯನ್ನು ಕೊಳ್ಳಲು ಯಾರೂ ಬರುವುದಿಲ್ಲ. ಹೊಸೂರಿನಲ್ಲಿ ಆ ಟ್ಯೂಬು ಸಿಗದ ಅಂಗಡಿಯೇ ಇಲ್ಲವೆಂದು ಅವರಿಗೆ ಗೊತ್ತು. ಆದರೂ ಹೌದಾ ಎನ್ನುತ್ತಾರೆ. ಸಂಸಾರದಲ್ಲಿ ಕೆಲವು ಸುಳ್ಳುಗಳಿಗೆ ಇಬ್ಬರು ಬೇಕು: ಹೇಳಲು ಒಬ್ಬರು, ನಂಬದೆಯೂ ತಲೆಯಾಡಿಸಲು ಇನ್ನೊಬ್ಬರು.