ಹಿಮಾಲಯದ ಗೆರೆ ತಿದ್ದುವ ಜಗದಾಂಬಾ

ಬೆಳಗಿನ ಆರು ಗಂಟೆ. ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರ, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಜಗದಾಂಬಾ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕೆಳಗೆ ಹಾಲಿನ ವ್ಯಾನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದೆ. ಪರದೆಯ ಮೇಲೆ ಹಿಮಾಚಲದ ಒಂದು ಕಣಿವೆ, ಉಪಗ್ರಹದ ಕಣ್ಣಿಗೆ ಕಂಡಂತೆ: ನಡುವೆ ಬೆಳ್ಳಗಿನ ಹಿಮನದಿ, ಸುತ್ತ ಬೂದುಬಣ್ಣದ ಬಂಡೆ. ಅವರು ಮೌಸನ್ನು ಇಷ್ಟಿಷ್ಟೇ ಸರಿಸುತ್ತ ಹಿಮದ ಅಂಚಿಗೆ ಗೆರೆ ಎಳೆಯುತ್ತಿದ್ದಾರೆ. ಇದು ಏಪ್ರಿಲ್, ಒಂಬತ್ತಾದರೆ ಎರಡು ತಾಸು ಕರೆಂಟು ಹೋಗುತ್ತದೆ. ಅದಕ್ಕೇ ಭದ್ರಾವತಿಯಿಂದ ಮೊದಲ ಬಸ್ಸು ಹಿಡಿದು ಬರುತ್ತಾರೆ.

"ನೀವು ಕೇಳಿ ಸಾರ್, ಹೇಳ್ತೀನಿ. ಆದ್ರೆ ತಿರುಗಿ ನೋಡಲ್ಲ, ಕೈ ಅಲುಗುತ್ತೆ," ಎನ್ನುತ್ತಾರೆ, ಪತ್ರಿಕೆಗಾಗಿ ಮಾತಾಡಿಸಲು ಬಂದ ನನಗೆ.

ಕೆಲಸ ವಿವರಿಸುವುದು ಸುಲಭ. ಅರವತ್ತರ ದಶಕದ ಸರ್ವೆ ನಕ್ಷೆಯಲ್ಲಿ ಹಿಮನದಿ ಎಷ್ಟಿತ್ತು, 2002ರ ಉಪಗ್ರಹ ಚಿತ್ರದಲ್ಲಿ ಎಷ್ಟಿದೆ ಎಂದು ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು. ಗೆರೆಯೊಳಗಿನ ವಿಸ್ತೀರ್ಣದಿಂದ ಹಿಮದ ದಪ್ಪವನ್ನು ಅಂದಾಜು ಮಾಡುತ್ತಾರೆ, ಆಮೇಲೆ ಒಟ್ಟು ಗಾತ್ರವನ್ನು. ಗೆರೆ ಒಂದು ತಪ್ಪಿದರೆ ಮುಂದಿನದೆಲ್ಲ ತಪ್ಪು. ದಿನಕ್ಕೆ ಎರಡು ಹಿಮನದಿ ಮುಗಿದರೆ ಅದು ಒಳ್ಳೆಯ ದಿನ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿಯುತ್ತದೆ.

ಜಗದಾಂಬಾಗೆ ಮೂವತ್ತನಾಲ್ಕು. ಐಟಿಐನಲ್ಲಿ ನಕ್ಷೆ ಬರೆಯುವುದನ್ನು ಕಲಿತು ವರ್ಷಗಟ್ಟಲೆ ಬಡಾವಣೆಗಳ ನಕ್ಷೆಗೆ ಶಾಯಿ ತುಂಬಿದವರು. ಕಂಪ್ಯೂಟರ್ ಬಂದು ಆ ಕೆಲಸ ನಿಂತಾಗ, ಅನ್ನ ಕಿತ್ತುಕೊಂಡ ಯಂತ್ರವನ್ನೇ ಕಲಿತರು. ಅವರ ಬೀದಿಯಲ್ಲಿ ಇದೊಂದು ತಮಾಷೆ. "ತರೀಕೆರೆ ದಾಟಿಲ್ಲ, ಹಿಮಾಲಯ ಅಳೀತಾಳಂತೆ ಮಾರಾಯ್ತಿ" ಎಂದು ನಲ್ಲಿಯ ಹತ್ತಿರ ನಗುತ್ತಾರಂತೆ.

"ಅಳೀತೀನಿ. ಏನೀಗ?"

ಈ ಜಂಭ ಎಲ್ಲಿಂದ ಬಂತು ಎಂದು ಕೇಳಿದರೆ ಅವರು ತಮ್ಮ ತಪ್ಪಿನ ಕಥೆ ಶುರು ಮಾಡುತ್ತಾರೆ. ಮೊದಲ ಕಂತಿನ ಹಾಳೆಗಳಲ್ಲಿ ಬಿಳಿ ಎಲ್ಲಿ ಮುಗಿಯಿತೋ ಅಲ್ಲಿಗೇ ಗೆರೆ ಮುಗಿಸಿದ್ದರು. ಕೆಲವು ಕಡೆ ಕಲ್ಲುಮಣ್ಣಿನ ಕೆಳಗೂ ಹಿಮ ಮುಂದುವರಿದಿರುತ್ತದೆ ಎಂದು ಕೆಲಸ ಕೊಟ್ಟ ವಿಜ್ಞಾನಿ ತರಬೇತಿಯಲ್ಲಿ ಹೇಳಿದ್ದರು. ಕೆಲಸದ ಅವಸರದಲ್ಲಿ ಅದು ಮರೆತೇಹೋಗಿತ್ತು. ಹಾಳೆಗಳನ್ನು ಕಳಿಸಿಯೂ ಆಯಿತು.

ಒಂದು ಭಾನುವಾರ ಭದ್ರಾವತಿಯಲ್ಲಿ ತಂದೆ ಮುರುಗೇಶಪ್ಪನವರ ಸೋಡಾ ಅಂಗಡಿಯಲ್ಲಿ ಕೂತಿದ್ದರು. ಐಸ್ ಗಡ್ಡೆ ಬೇಗ ಕರಗದಿರಲೆಂದು ಮೇಲೆ ಭತ್ತದ ಹೊಟ್ಟು ಸುರಿದಿಡುವುದು ಆ ಅಂಗಡಿಯ ರೂಢಿ. ಗಿರಾಕಿಯೊಬ್ಬರು ಬಂದು "ಐಸ್ ಖಾಲಿನಾ?" ಎಂದರು. ಮುರುಗೇಶಪ್ಪ ಕೈಯಿಂದ ಹೊಟ್ಟು ಸರಿಸಿ ಕೆಳಗಿದ್ದ ಗಡ್ಡೆ ತೋರಿಸಿದರು.

"ಆ ಗಿರಾಕಿ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ ಸಾರ್."

ಮರುದಿನ, ಮುಗಿಸಿ ಕಳಿಸಿದ್ದ ಉಪಗ್ರಹ ಚಿತ್ರ ತೆರೆದರೆ, ಬಿಳಿ ಮೇಲೆಲ್ಲೋ ಮುಗಿದಿದೆ, ಹೊಳೆ ಹೊರಡುವುದು ಬಹಳ ಕೆಳಗೆ. ನಡುವೆ ಬರೀ ಕಲ್ಲು. ಹೊಳೆ ಹೊರಡುವುದು ಹಿಮ ಮುಗಿಯುವಲ್ಲಿ; ಅಂದರೆ ಆ ಕಲ್ಲಿನಡಿ ಹೊಳೆಯ ಬಾಯಿವರೆಗೂ ಹಿಮ ಇತ್ತು, ಇವರ ಹಾಳೆಯಲ್ಲಿ ಮಾತ್ರ ಅದು ಕರಗಿಹೋಗಿತ್ತು.

ಕೋಣೆಯ ಮಾಲೀಕ ವೀರೇಂದ್ರ, ಹೊರಗಿನ ಕಚೇರಿಗಳಿಂದ ಇಂಥ ಕೆಲಸ ಹಿಡಿದು ತರುವವರು, ತಲೆ ಮೇಲೆ ಕೈ ಹೊತ್ತರು. "ಅವರು ಒಪ್ಪಿಯಾಗಿದೆ. ಹೇಗಿದ್ರೂ ಹಿಮ ಕರಗ್ತಿರೋದು ನಿಜ ತಾನೆ? ಸುಮ್ನಿರಿ ಮೇಡಂ. ಈಗ ಬಾಯಿ ಬಿಟ್ರೆ ಮುಂದಿನ ಕೆಲಸ ಬರಲ್ಲ, ನೀವೂ ಇರಲ್ಲ, ನಾನೂ ಇರಲ್ಲ."

"ಬಿಸಿಲಿಗೆ ಕರಗಿದ್ರೆ ಕರಗ್ಲಿ ಸಾರ್. ನನ್ನ ಮೌಸಿಗೆ ಯಾಕೆ ಕರಗ್ಬೇಕು?" ಎಂದವರೇ ಮೆಟ್ಟಿಲಿಳಿದು ಎಸ್‌ಟಿಡಿ ಬೂತಿಗೆ ಹೋಗಿ ವಿಜ್ಞಾನಿಗೆ ಫೋನ್ ಮಾಡಿದರು. ಅವರು ಚೆನ್ನಾಗಿ ಬೈದರು. ಬೈದು, ಎಲ್ಲ ಹಾಳೆಗಳನ್ನೂ ತಿದ್ದಲು ವಾಪಸು ಕಳಿಸಿದರು.

ನನಗೆ ಈ ಹಟ ಕಂಡು ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಪತ್ರಿಕೆಗಳು ತಿದ್ದುಪಡಿ ಹಾಕುವುದು ಒಳಪುಟದ ಮೂಲೆಯಲ್ಲಿ, ಭೂತಗನ್ನಡಿ ಹಿಡಿದರೂ ಕಾಣದಷ್ಟು ಸಣ್ಣಕ್ಕೆ. ಈಕೆ ತಮ್ಮ ತಪ್ಪನ್ನು ತಾವೇ ಫೋನ್ ಮಾಡಿ ಹೇಳಿ ಬೈಸಿಕೊಂಡಿದ್ದಾರೆ.

ಈಗ ಪರದೆಯ ಮೇಲಿರುವುದು ವಾಪಸು ಬಂದ ಹಾಳೆಗಳಲ್ಲಿ ಕೊನೆಯದು. ಹಳೆಯ ಗೆರೆಗಿಂತ ಕೆಳಗಿಳಿದು, ಕಲ್ಲುಗಳನ್ನೂ ಒಳಗೆ ಸೇರಿಸಿಕೊಂಡು, ಹೊಸ ಗೆರೆ ಹೊಳೆಯ ಬಾಯಿಗೆ ಬಂದು ಕೂಡುತ್ತದೆ. ಮುಂದಿನ ಕಣಿವೆಯ ಕೆಲಸ ಬರುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ. ಅಷ್ಟರಲ್ಲಿ ಮೇಲೆ ಬಂದ ವೀರೇಂದ್ರ ಪರದೆ ನೋಡಿ ನನಗೆ ಹೇಳುತ್ತಾರೆ: "ನಂಗೆ ಇವ್ರ ಮೇಲೆ ಸಿಟ್ಟು ಇನ್ನೂ ಇದೆ ಸಾರ್. ಆದ್ರೆ ಗೆರೆ ಸರಿಯಿದೆ."

ಪ್ರತಿ ಹಾಳೆಯ ಕೆಳಗಿನ ಮೂಲೆಯಲ್ಲಿ ಗೆರೆ ಎಳೆದವರ ಹೆಸರಿರುತ್ತದೆ. ಮತ್ತೆ ಅದೇ ಹೆಸರು ಕಂಡರೆ ಕಚೇರಿಯವರು ಕೆಲಸ ಕೊಡಲು ಹಿಂಜರಿದಾರು, ಈ ಸಲ ಖಾಲಿ ಬಿಡಿ ಎಂದು ವೀರೇಂದ್ರ ನಿನ್ನೆಯೇ ಹೇಳಿದ್ದಾರೆ. ಜಗದಾಂಬಾ ಒಂದೊಂದೇ ಕೀಲಿ ಒತ್ತಿ ತಮ್ಮ ಪೂರ್ತಿ ಹೆಸರು ಟೈಪ್ ಮಾಡುತ್ತಾರೆ. ಆಮೇಲೆ, ಬೆಳಗಿನಿಂದ ಮೊದಲ ಸಲ, ನಮ್ಮ ಕಡೆ ತಿರುಗುತ್ತಾರೆ.

"ತಪ್ಪಿದ್ದಾಗ ನನ್ನ ಹೆಸರೇ ಇತ್ತಲ್ಲ ಸಾರ್? ಸರಿ ಆದ್ಮೇಲೆ ಯಾಕೆ ಬೇಡ?"