ಚಕ್ಕುಲಿ ಬರೆಸುತ್ತಿದ್ದ ಡಾಕ್ಟರಮ್ಮ

ಡಾಕ್ಟರಮ್ಮನ ಸೀರೆ ಮಂಡಿಯ ಹತ್ತಿರ ಯಾವಾಗಲೂ ಬೆಳ್ಳಗಾಗಿರುತ್ತಿತ್ತು. ಕಡುನೀಲಿ ಸೀರೆ ಉಟ್ಟು ಬಂದ ದಿನವಂತೂ ಎರಡೂ ಮಂಡಿಯ ಗುರುತು ಎದ್ದು ಕಾಣುತ್ತಿತ್ತು. ಅದು ರಂಗೋಲಿ ಪುಡಿ. ಬೆಂಗಳೂರಿನಲ್ಲಿ ದೊಡ್ಡ ಹೆಸರಿದ್ದ ನರರೋಗದ ಡಾಕ್ಟರು ನಮ್ಮೂರಿನ ಅಂಗಳಗಳಲ್ಲಿ ಮಂಡಿಯೂರಿ ಕೂತು, ಮುದುಕಿಯರು ಬಿಟ್ಟ ರಂಗೋಲಿಯನ್ನು ಪರೀಕ್ಷೆಯ ಪೇಪರ್ ತಿದ್ದುವ ಹಾಗೆ ನೋಡುತ್ತಿದ್ದರು.

ಕೈ ನಡುಗುವುದು, ಹೆಜ್ಜೆ ಕೀಳಲಾಗದಿರುವುದು, ಕತ್ತು ತಾನಾಗಿ ತಿರುಗುವುದು, ಇಂಥ ಕಾಯಿಲೆಗಳನ್ನು ಓದುತ್ತಲೇ ಅವರ ತಲೆ ನರೆತಿತ್ತು. ಹಳ್ಳಿಗಳಲ್ಲಿ ಇವು ಎಷ್ಟು ಜನಕ್ಕಿವೆ ಎಂದು ಮನೆಮನೆ ಹೊಕ್ಕು ತಿಳಿಯುವುದು ಅವರ ಕೊನೆಯ ದೊಡ್ಡ ಸಂಶೋಧನೆ. ಮಂಡ್ಯದ ದುದ್ದದ ಕಡೆಯ ನಮ್ಮೂರೂ ಅದರಲ್ಲಿ ಸೇರಿತ್ತು. ನಾನು ಅಲ್ಲಿನ ಅಂಗನವಾಡಿ ಟೀಚರ್. ಯಾವ ಮನೆಯಲ್ಲಿ ಯಾರು ಕೆಮ್ಮಿದರೂ ನನಗೆ ಗೊತ್ತಾಗುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಅದಕ್ಕೇ ನನ್ನನ್ನು ಜೊತೆಗೆ ಹಾಕಿಕೊಂಡರು.

ಮೊದಲ ದಿನ ಒಬ್ಬ ಅಜ್ಜಿಯ ಕೈಗೆ ಪೆನ್ನು ಕೊಟ್ಟು, ಚಕ್ಕುಲಿ ಸುತ್ತಿದ ಹಾಗೆ ಒಂದು ಗೆರೆ ಎಳೆಯಲು ಹೇಳಿದರು. ನಡುಕ ಎಂಥದ್ದೆಂದು ಆ ಗೆರೆಯಲ್ಲಿ ಗೊತ್ತಾಗುತ್ತದಂತೆ. ಅಜ್ಜಿ ಪೆನ್ನನ್ನು ವಾಪಸ್ಸು ಚಾಚಿದಳು. "ನಾನೇನ್ ಇಸ್ಕೂಲ್ ಮೆಟ್ಲು ಅತ್ತಿದ್ನಾ? ಇಂಗೆಲ್ಲ ಮಾನ ಕಳೀಬ್ಯಾಡ ಕಣವ್ವ."

ಡಾಕ್ಟರಮ್ಮ ಪೆನ್ನನ್ನು ಬ್ಯಾಗಿಗೆ ಹಾಕಿದರು. "ಬುಡಿ ಅತ್ಲಾಗೆ. ದಿನಾ ಬಾಗ್ಲಲ್ಲಿ ರಂಗೋಲಿ ಬುಡಲ್ವಾ? ಅದ್ರಲ್ಲೇ ಒಂದ್ ಚಕ್ಲಿ ಸುತ್ತಿ" ಎಂದರು. ಹುಟ್ಟಿದ್ದು ಮಳವಳ್ಳಿಯ ಕಡೆ. ಬೆಂಗಳೂರಿನ ಮಾತು ಪಕ್ಕಕ್ಕಿಡಲು ಅವರಿಗೆ ಹೊತ್ತು ಹಿಡಿಯುತ್ತಿರಲಿಲ್ಲ. ಅವತ್ತಿನಿಂದ ಅವರ ಬ್ಯಾಗಿನಲ್ಲಿ ಮಂಡಿ ತಟ್ಟುವ ಸುತ್ತಿಗೆಯ ಪಕ್ಕ ಒಂದು ಡಬ್ಬಿ ರಂಗೋಲಿ ಪುಡಿ ಬಂತು. ಗಂಡಸರಿಗೆ ನನ್ನ ಅಂಗನವಾಡಿಯ ಸ್ಲೇಟು. ಪ್ರತಿಯೊಂದು ಚಕ್ಕುಲಿಯ ಫೋಟೋವನ್ನೂ ತೆಗೆದಿಟ್ಟುಕೊಳ್ಳುತ್ತಿದ್ದರು.

ಯಾರನ್ನೇ ಆಗಲಿ ಮೊದಲು ನೋಡುತ್ತಿದ್ದುದು ಕಾಲನ್ನು. "ಮುಖ ಸುಳ್ಳು ಹೇಳುತ್ತೆ ಟೀಚರ್, ಕಾಲು ಹೇಳಲ್ಲ" ಎನ್ನುತ್ತಿದ್ದರು. ಎಣ್ಣೆ ತಿಂಡಿ ಬಿಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿ, ಮದ್ದೂರಿನಲ್ಲಿ ಕಟ್ಟಿಸಿಕೊಂಡು ಬಂದ ವಡೆಯನ್ನು ಕಾರಿನ ಮರೆಯಲ್ಲಿ ನನ್ನ ಜೊತೆ ಮುರಿದುಕೊಂಡು ತಿನ್ನುತ್ತಿದ್ದರು.

ಅವರದು ಇನ್ನೊಂದು ಕಟ್ಟಪ್ಪಣೆ. ಮನೆಯವರು ನುಂಗುವುದನ್ನೆಲ್ಲ, ಮಾತ್ರೆ, ಟಾನಿಕ್ಕು, ಪಂಡಿತರು ಕೊಟ್ಟ ಪುಡಿ ಸಮೇತ, ಒಂದು ಚೀಲಕ್ಕೆ ಹಾಕಿಟ್ಟಿರಬೇಕು. ಹಿಂದಿನ ದಿನವೇ ಹೋಗಿ ಇದನ್ನು ಸಾರಿ ಬರುವುದು ನನ್ನ ಕೆಲಸ. ಅವರು ಬಂದವರೇ ಚೀಲವನ್ನು ಮೊರಕ್ಕೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಎತ್ತಿ ನೋಡುತ್ತಿದ್ದರು.

ಊರಿನ ಮನೆಗಳನ್ನೆಲ್ಲ ತೋರಿಸಿದೆ. ನನ್ನ ಮನೆಯೊಂದನ್ನು ತೋರಿಸಲಿಲ್ಲ.

ನಮ್ಮವ್ವನ ಕೈ ನಡುಗಲು ಶುರುವಾಗಿ ಒಂದು ವರ್ಷವಾಗಿತ್ತು. ಹೆಜ್ಜೆ ಚಿಕ್ಕದಾಗಿತ್ತು, ಮುಖದಲ್ಲಿ ನಗು ಕಾಣುತ್ತಿರಲಿಲ್ಲ. ಬೀದಿಗೇ ದೊಡ್ಡ ರಂಗೋಲಿ ಬಿಡುತ್ತಿದ್ದವಳು ಮಂಡಿನೋವಿನ ನೆಪ ಹೇಳಿ ನಿಲ್ಲಿಸಿಬಿಟ್ಟಿದ್ದಳು. ಮದ್ದೂರಿನಲ್ಲಿದ್ದ ಅವಳ ಅಣ್ಣ, ನನ್ನ ಸೋದರಮಾವ, ಹೀಗೇ ನಡುಗಲು ಶುರುವಾಗಿ, ಹಾಸಿಗೆ ಹಿಡಿದು, ಕೊನೆಗೆ ಗಂಜಿ ನುಂಗಲೂ ಆಗದೆ ತೀರಿಕೊಂಡವನು. ಅದನ್ನು ಕಣ್ಣಾರೆ ಕಂಡಿದ್ದ ನನಗೆ ಡಾಕ್ಟರಮ್ಮನ ಬಾಯಲ್ಲಿ ಆ ಕಾಯಿಲೆಯ ಹೆಸರು ಕೇಳುವ ಧೈರ್ಯವಿರಲಿಲ್ಲ. ಹೆಸರು ಕೇಳದಿದ್ದರೆ ಕಾಯಿಲೆಯೇ ಇಲ್ಲ ಎನ್ನುವ ಪೆದ್ದುತನ. ಊರ ಹೆಂಗಸರಿಗೆ ಮುಚ್ಚಿಡಬೇಡಿ ಎಂದು ಗದರುತ್ತಿದ್ದವಳೂ ನಾನೇ.

ಕೊನೆಯ ದಿನ ಡಾಕ್ಟರಮ್ಮ ಮನೆ ನಂಬರುಗಳ ಮೇಲೆ ಬೆರಳಾಡಿಸುತ್ತಿದ್ದವರು ನಿಲ್ಲಿಸಿದರು. "ಟೀಚರ್, ಈ ಬೀದೀಲಿ ಒಂದು ಮನೆ ಬಿಟ್ಟುಹೋಗಿದೆಯಲ್ಲ. ಯಾರದು?"

"ನಮ್ಮದೇ ಮೇಡಂ" ಎಂದೆ. ಅವ್ವನ ನಡುಕ, ಮಾವನ ಕಾಯಿಲೆ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬ್ಯಾಗು ಎತ್ತಿಕೊಂಡು "ನಡೀರಿ" ಎಂದರು, ಅಷ್ಟೇ.

ಅವ್ವ ನನ್ನನ್ನೇ ನೋಡಿದಳು. "ನೀನೇ ಕರ್ಕಬಂದ್ಯಾ ಅಮ್ಮಿ?" ಎಂದು ಕೇಳಿ, ಪುಡಿ ತೆಗೆದುಕೊಂಡಳು. ಗೆರೆ ಎಳೆಯಾಗಿ ಬೀಳದೆ ಉದುರುದುರಾಗಿ ಬಿತ್ತು. ಎಡಗೈಯಲ್ಲೂ ಬಿಡಿಸಿದರು. ಅದೂ ಹಾಗೇ.

"ಅವ್ವಾ, ಎಲ್ಡ್ ಕೈಗೂ ಒಟ್ಗೇ ಸುರುವಾಯ್ತಾ?"

"ಊಂ ಕಣವ್ವ, ಒಟ್ಗೇಯ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಚೀಲ ತನ್ನಿ."

ಚೀಲ ಎಲ್ಲಿದೆ? ಊರಿಗೆಲ್ಲ ಸಾರಿದವಳ ಮನೆಯಲ್ಲೇ ಚೀಲ ಇರಲಿಲ್ಲ. ಗೂಡಿನಲ್ಲಿದ್ದುದನ್ನೆಲ್ಲ ಬಾಚಿ ಮೊರಕ್ಕೆ ಹಾಕಿದೆ. ಬಿ.ಪಿ. ಮಾತ್ರೆಯ ಕೆಳಗೆ ತಲೆಸುತ್ತಿನ ಮಾತ್ರೆ ಇತ್ತು. ಮೂರು ವರ್ಷದ ಹಿಂದೆ ಅವ್ವನಿಗೆ ತಲೆ ಸುತ್ತಿದಾಗ ಮಂಡ್ಯದಲ್ಲಿ ಹದಿನೈದು ದಿನಕ್ಕೆಂದು ಬರೆದುಕೊಟ್ಟದ್ದು. ಸುತ್ತು ನಿಂತಿತು. ಮತ್ತೆ ಬಂದೀತೆಂದು ಹೆದರಿ, ಪ್ರತಿ ತಿಂಗಳೂ ಔಷಧಿ ಅಂಗಡಿಯಲ್ಲಿ ಮಾತ್ರೆಯ ಖಾಲಿ ಪಟ್ಟಿ ತೋರಿಸಿ ಅದನ್ನೇ ತರುತ್ತಿದ್ದೆ.

"ಇದನ್ನ ಯಾರು ತಂದುಕೊಡ್ತಿರೋದು?"

"ನಾನೇ ಮೇಡಂ."

ಅವರು ಜಗಲಿಯ ಮೇಲೆ ಕೂತು ನನ್ನನ್ನೂ ಕೂರಿಸಿಕೊಂಡರು. "ಇದನ್ನ ಬಹಳ ದಿನ ನುಂಗಿದರೆ ಕೆಲವರಿಗೆ ಹೀಗೇ ನಡುಕ ಬರುತ್ತೆ. ನಿಮ್ಮ ಮಾವನ ಕಾಯಿಲೆ ಸಾಮಾನ್ಯವಾಗಿ ಮೊದಲು ಒಂದು ಕೈಗೆ ಬರುತ್ತೆ, ಇಲ್ಲಿ ಎರಡಕ್ಕೂ ಒಟ್ಟಿಗೆ ಬಂದಿದೆ. ಇದು ಅದಲ್ಲದೆ ಇರಬಹುದು. ಈಗಲೇ ಕುಣಿಯಬೇಡಿ. ನಿಲ್ಲಿಸಿ ನೋಡೋಣ, ತಿಂಗಳುಗಟ್ಟಲೆ ಬೇಕು."

"ಹಾಗಾದ್ರೆ ನಾನೇ ನನ್ನ ಕೈಯಾರೆ..."

"ಅವ್ವ ಬೀಳದಿರಲಿ ಅಂತ ತಂದಿರಿ. ಇನ್ನು ತರಬೇಡಿ."

ಆಮೇಲೆ ಪ್ರತಿ ತಿಂಗಳೂ ಅವ್ವನ ಚಕ್ಕುಲಿಯ ಫೋಟೋ ಕಳಿಸುತ್ತಿದ್ದೆ. "ಕಾಯೋಣ" ಎಂದು ಉತ್ತರ ಬರುತ್ತಿತ್ತು. ಮೂರನೆಯ ತಿಂಗಳೂ ಅದೇ. ಆ ದಿನಗಳಲ್ಲಿ ನಾನು ಹರಸಿಕೊಳ್ಳದ ದೇವರಿಲ್ಲ. ಐದನೆಯ ತಿಂಗಳು ಅವ್ವ ಲೋಟ ತುಂಬ ಕಾಫಿ ಹಿಡಿದು, ಒಂದು ಹನಿ ಚೆಲ್ಲದೆ ಅಡುಗೆಮನೆಯಿಂದ ಜಗಲಿಗೆ ಬಂದಳು. ಆ ತಿಂಗಳ ಫೋಟೋ ನೋಡಿ ಡಾಕ್ಟರಮ್ಮ ಬರೆದರು: "ಗೆರೆ ಕೂಡಿಕೊಳ್ತಿದೆ." ಅದನ್ನು ಎಷ್ಟು ಸಲ ಓದಿದೆನೋ.

ಮಳೆಗಾಲ ಕಳೆದ ಮೇಲೆ ಅವರೇ ಬಂದರು. ಅವ್ವ ಬೆಳಗ್ಗೆ ಎದ್ದು ಅಂಗಳದ ತುಂಬ, ಕಾಲಿಡಲು ಜಾಗವಿಲ್ಲದಂತೆ ರಂಗೋಲಿ ಬಿಟ್ಟಿದ್ದಳು. ಎಂದಿನಂತೆ ನೆಲ ನೋಡುತ್ತ ಬಂದ ಡಾಕ್ಟರಮ್ಮ ಅಂಚಿನಲ್ಲೇ ನಿಂತುಬಿಟ್ಟರು.

"ತುಳ್ಕಂಡೇ ಬನ್ನಿ ಒಳೀಕೆ" ಎಂದಳು ಅವ್ವ. "ನಾಳೀಕೆ ಇನ್ನೊಂದ್ ಬುಡ್ತೀನಿ."

ಅವರು ತುಳಿಯಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿಕೊಂಡು, ಹಿತ್ತಿಲ ಕೊಟ್ಟಿಗೆಯಲ್ಲಿ ಎಮ್ಮೆಯನ್ನು ಸರಿಸಿಕೊಂಡು ಒಳಗೆ ಬಂದರು. ನಡುಗುವವರ ಹೆಸರು ಬರೆದಿಟ್ಟ ಪುಸ್ತಕ ತೆಗೆದು ಅವ್ವನ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. "ಮೂವತ್ತು ವರ್ಷದಿಂದ ಹೆಸರು ಬರ್ಕೊಳ್ಳೋದೇ ನನ್ನ ಕೆಲಸ ಟೀಚರ್. ಹೊಡೆದುಹಾಕೋ ಭಾಗ್ಯ ಯಾವಾಗಲೋ ಒಂದು ಸಲ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಅವರೀಗ ನಿವೃತ್ತರು. ಅವರ ಋಣ ನನ್ನ ಜನ್ಮಕ್ಕೆ ತೀರುವಂಥದ್ದಲ್ಲ. ಹೋದ ತಿಂಗಳು ಅವರ ಸಂಶೋಧನೆಯ ವರದಿಯ ಒಂದು ಪ್ರತಿ ಅಂಚೆಯಲ್ಲಿ ಬಂತು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ನಮ್ಮೂರಲ್ಲಿ ನಡುಗುವವರು ಇಷ್ಟು ಮಂದಿ ಎಂದಿದ್ದ ಜಾಗ ಹುಡುಕಿ, ಬೆರಳು ಮಡಚುತ್ತ ಒಬ್ಬೊಬ್ಬರನ್ನೇ ಎಣಿಸಿದೆ. ಅವ್ವನನ್ನು ಬಿಟ್ಟು ಎಣಿಸಿದರೆ ಸರಿಹೋಯಿತು. ಹೊರಗೆ ಓಡಿ ಅವಳಿಗೆ ಹೇಳಿದೆ.

ಅವ್ವ ಅಂಗಳದಿಂದ ತಲೆ ಎತ್ತಲಿಲ್ಲ. "ಇಲ್ದಿದ್ರೆ ಬುಡು. ಒಸಿ ಅತ್ಲಾಗ್ ಸರ್ಕೊ, ಗೆರೆ ತುಳೀತಿದ್ದೀಯೆ" ಎಂದಳು.